ಜೆರೊನಿಮೊ ಸಮಾಧಿಗೆ ಹೋಗುವುದು ಹೇಗೆ: ಫೋರ್ಟ್ ಸಿಲ್ ಗೇಟಿನಿಂದ ಬೀಫ್ ಕ್ರೀಕ್‌ವರೆಗೆ

ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಲಾಟನ್ ಅಂತ ಒಂದು ಊರಿದೆ. ಅದಕ್ಕೆ ಅಂಟಿಕೊಂಡೇ ಫೋರ್ಟ್ ಸಿಲ್ ಎಂಬ ದೊಡ್ಡ ಸೇನಾ ನೆಲೆ ಇದೆ. ಅಪಾಚೆ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಹೋರಾಟಗಾರ ಜೆರೊನಿಮೊ ಅವರ ಸಮಾಧಿ ಇರುವುದು ಆ ನೆಲೆಯ ಒಳಗೆ, ಬೀಫ್ ಕ್ರೀಕ್ ಎಂಬ ಅಪಾಚೆ ಸ್ಮಶಾನದಲ್ಲಿ. ಊರಿನ ಪಾರ್ಕಿನಲ್ಲಲ್ಲ, ಮ್ಯೂಸಿಯಂ ಅಂಗಳದಲ್ಲೂ ಅಲ್ಲ, ಈಗಲೂ ಫಿರಂಗಿ ತರಬೇತಿ ನಡೆಯುವ ಸೈನ್ಯದ ಜಾಗದಲ್ಲಿ. ಸುಮ್ನೆ ಕಾರು ಹತ್ತಿ ಹೊರಟರೆ ಗೇಟಿನಿಂದಲೇ ವಾಪಸ್ ಬರಬೇಕಾಗಬಹುದು. ಅದಕ್ಕೇ ಈ ಮಾರ್ಗದರ್ಶಿ.

ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದು ಒಂದು ದಿನದಲ್ಲಿ ಹೋಗಿಬರಬಹುದಾದ ದೂರ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತ ಯೋಚಿಸುತ್ತಿರುವವರು ಪಾಸ್ ಬಗ್ಗೆ ಬರೆದ ಭಾಗವನ್ನು ಎರಡು ಸಲ ಓದಿ. ತೊಂದರೆ ಬರುವುದೇ ಅಲ್ಲಿ.

ಹೊರಡುವ ಮೊದಲು ಇಷ್ಟು ತಿಳಿದಿರಲಿ

ಜೆರೊನಿಮೊ ಒಕ್ಲಹೋಮಾದವರಲ್ಲ. ಅವರು ಹುಟ್ಟಿದ್ದು 1820ರ ದಶಕದಲ್ಲಿ, ಅಲ್ಲಿಂದ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ, ಹೀಲಾ ನದಿ ಹುಟ್ಟುವ ಬೆಟ್ಟಗಳ ಸೀಮೆಯಲ್ಲಿ. ಈಗ ಅದು ನ್ಯೂ ಮೆಕ್ಸಿಕೊ ಮತ್ತು ಅರಿಜೋನಾ ಗಡಿ, ಆಗ ಮೆಕ್ಸಿಕೊಗೆ ಸೇರಿತ್ತು. ಅಪಾಚೆಗಳಲ್ಲಿ ಚಿರಿಕಾವಾ ಎಂಬ ಗುಂಪು, ಅದರೊಳಗೆ ಬೆಡೊಂಕೊಹೆ ಎಂಬ ಪಂಗಡ ಅವರದು. 1850ರ ದಶಕದಲ್ಲಿ ಗಂಡಸರೆಲ್ಲ ಹಾನೋಸ್ ಊರಿಗೆ ವ್ಯಾಪಾರಕ್ಕೆ ಹೋಗಿದ್ದಾಗ ಮೆಕ್ಸಿಕನ್ ಸೈನಿಕರು ಬಿಡಾರದ ಮೇಲೆ ಬಿದ್ದರು. ಜೆರೊನಿಮೊ ಅವರ ತಾಯಿ, ಹೆಂಡತಿ ಅಲೋಪೆ, ಮೂರು ಮಕ್ಕಳು ಅಂದು ಸತ್ತರು. ಅವರ ಮುಂದಿನ ಬದುಕೆಲ್ಲ ಶುರುವಾಗುವುದು ಅಲ್ಲಿಂದ.

ತುಂಬ ಜನ ಅವರನ್ನು ಅಪಾಚೆಗಳ ದೊರೆ ಅಂತ ಬರೆಯುತ್ತಾರೆ. ಅವರು ದೊರೆ ಆಗಿರಲಿಲ್ಲ. ಯುದ್ಧದಲ್ಲಿ ಮುಂದೆ ನಿಲ್ಲುವವರು, ಮಂತ್ರ ಔಷಧಿ ಬಲ್ಲವರು. ಕೊನೆಯ ಗುಂಪಿಗೆ ನಾಯಕ ಎನ್ನಬಹುದಾದವರು ನಾಯ್ಚೆ, ಹೆಸರಾಂತ ಕೊಚೀಸ್ ಅವರ ಮಗ. ಆದರೂ ಜನ ನೆನಪಿಟ್ಟಿದ್ದು ಜೆರೊನಿಮೊ ಹೆಸರನ್ನು. 1886ರ ಹೊತ್ತಿಗೆ ಹೆಂಗಸರು ಮಕ್ಕಳೆಲ್ಲ ಸೇರಿ ನಲವತ್ತನ್ನೂ ದಾಟದ ಆ ಗುಂಪನ್ನು ಹಿಡಿಯಲು ಅಮೆರಿಕ ಸುಮಾರು 5,000 ಸೈನಿಕರನ್ನು ಬಿಟ್ಟಿತ್ತು. ಆ ವರ್ಷ ಸೆಪ್ಟೆಂಬರ್ 4ರಂದು ಅರಿಜೋನಾದ ಸ್ಕೆಲಿಟನ್ ಕ್ಯಾನ್ಯನ್‌ನಲ್ಲಿ ಅವರು ಜನರಲ್ ನೆಲ್ಸನ್ ಮೈಲ್ಸ್‌ಗೆ ಶರಣಾದರು.

ಆಮೇಲೆ ನಡೆದದ್ದನ್ನು ತಿಳಿದುಕೊಂಡು ಹೋದರೆ ಮಾತ್ರ ಆ ಸ್ಮಶಾನ ಅರ್ಥವಾಗುತ್ತದೆ. ಶರಣಾದ ಕೆಲವರನ್ನಷ್ಟೇ ಅಲ್ಲ, ಯುದ್ಧದ ಗೊಡವೆಗೇ ಹೋಗದೆ ಬೇಸಾಯ ಮಾಡಿಕೊಂಡಿದ್ದ ಚಿರಿಕಾವಾಗಳನ್ನೂ ಸೇರಿಸಿ ಸುಮಾರು 500 ಜನರನ್ನು ರೈಲಿಗೆ ತುಂಬಿ ಫ್ಲೋರಿಡಾಕ್ಕೆ ಕಳಿಸಿದರು. ಅಮೆರಿಕದ ಸೈನ್ಯಕ್ಕೇ ದಾರಿ ತೋರಿಸುವ ಸ್ಕೌಟ್‌ಗಳಾಗಿ ದುಡಿದ ಅಪಾಚೆಗಳನ್ನೂ ಬಿಡಲಿಲ್ಲ. ಜೆರೊನಿಮೊ ಇದ್ದ ಜಾಗ ಹುಡುಕಿಕೊಟ್ಟು ಮಾತುಕತೆಗೆ ದಾರಿ ಮಾಡಿದ ಮಾರ್ಟಿನೆ ಮತ್ತು ಕಾಯಿತಾ ಕೂಡ ಅದೇ ಕೈದಿಗಳ ಗುಂಪಿಗೆ ಸೇರಿದರು. ಫ್ಲೋರಿಡಾದಿಂದ ಅಲಬಾಮಾಕ್ಕೆ, ಅಲ್ಲಿಂದ 1894ರಲ್ಲಿ ಫೋರ್ಟ್ ಸಿಲ್‌ಗೆ. ಒಣ ಬೆಟ್ಟದ ಜನಕ್ಕೆ ಫ್ಲೋರಿಡಾ, ಅಲಬಾಮಾದ ತೇವದ ಹವೆ ಹಿಡಿಸಲಿಲ್ಲ, ಕ್ಷಯ ಬಂತು. ಫೋರ್ಟ್ ಸಿಲ್ ತಲುಪುವ ಹೊತ್ತಿಗೆ ಉಳಿದವರು ಸುಮಾರು 340. ಮಕ್ಕಳನ್ನು ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಗೆ ಕಳಿಸಿದ್ದರು, ಅವರಲ್ಲಿ ಎಷ್ಟೋ ಜನ ಕಾಯಿಲೆ ಹತ್ತಿಸಿಕೊಂಡು ಬಂದರು.

ಇವರೆಲ್ಲ ಕಾಗದದ ಮೇಲೆ ಯುದ್ಧಕೈದಿಗಳು. ಒಟ್ಟು 27 ವರ್ಷ. ಕೈದಿಯಾಗಿಯೇ ಹುಟ್ಟಿ ಕೈದಿಯಾಗಿಯೇ ಸತ್ತ ಮಕ್ಕಳಿದ್ದಾರೆ. ನೀವು ಹೋಗುತ್ತಿರುವುದು ಒಬ್ಬ ವೀರನ ಸ್ಮಾರಕಕ್ಕೆ ಅಂತ ಅಂದುಕೊಳ್ಳಬೇಡಿ. ಒಂದು ಸೆರೆಯಾದ ಜನಾಂಗದ ಸ್ಮಶಾನಕ್ಕೆ ಹೋಗುತ್ತಿದ್ದೀರಿ, ಅಲ್ಲಿನ ಒಂದು ಸಮಾಧಿ ಜೆರೊನಿಮೊ ಅವರದು. ನನ್ನ ಮಟ್ಟಿಗೆ ಈ ಪ್ರವಾಸದಲ್ಲಿ ಮುಖ್ಯವಾದದ್ದು ಇಷ್ಟೇ.

ಊರು ತಲುಪುವುದು

ಇದು ಸುಲಭ. ಒಕ್ಲಹೋಮಾ ಸಿಟಿಯಿಂದ ಲಾಟನ್ ಸುಮಾರು 140 ಕಿಲೋಮೀಟರ್, ಐ-44 ಹೆದ್ದಾರಿ ಹಿಡಿದು ನೈಋತ್ಯಕ್ಕೆ ಹೋಗಬೇಕು. ಈ ದಾರಿಯಲ್ಲಿ ಎಚ್.ಇ. ಬೇಲಿ ಟರ್ನ್‌ಪೈಕ್ ಅಂತ ಟೋಲ್ ರಸ್ತೆ ಬರುತ್ತದೆ, ಅಲ್ಲಿ ಕ್ಯಾಶ್ ತೆಗೆದುಕೊಳ್ಳುವುದಿಲ್ಲ. ನಂಬರ್ ಪ್ಲೇಟ್ ಫೋಟೊ ತೆಗೆದು ಬಿಲ್ ಕಳಿಸುತ್ತಾರೆ. ಬಾಡಿಗೆ ಕಾರಾದರೆ ಟೋಲ್ ಲೆಕ್ಕ ಹೇಗೆ ಅಂತ ಕಂಪನಿಯನ್ನು ಮೊದಲೇ ಕೇಳಿಬಿಡಿ, ಇಲ್ಲದಿದ್ದರೆ ಸೇವಾ ಶುಲ್ಕ ಅಂತ ಟೋಲ್‌ಗಿಂತ ಜಾಸ್ತಿ ಹಾಕಿಬಿಡಬಹುದು.

ಡಲ್ಲಾಸ್ ಕಡೆಯಿಂದ ಬರುವವರು ಯು.ಎಸ್. 287ರಲ್ಲಿ ವಿಚಿಟಾ ಫಾಲ್ಸ್‌ವರೆಗೆ ಬಂದು, ಅಲ್ಲಿ ಐ-44 ಹಿಡಿದು ಉತ್ತರಕ್ಕೆ ಹೋದರೆ ಸಾಕು. ಒಟ್ಟು ಸುಮಾರು 300 ಕಿಲೋಮೀಟರ್, ಮೂರು ಗಂಟೆ ಚಿಲ್ಲರೆ. ವಿಚಿಟಾ ಫಾಲ್ಸ್ ದಾಟಿದ ಮೇಲೆ ಊರುಗಳು ಕಡಿಮೆ, ಪೆಟ್ರೋಲ್ ಅಲ್ಲೇ ಹಾಕಿಸಿಕೊಳ್ಳಿ. ತಿನ್ನಲು ಚಪಾತಿ ಪಲ್ಯ, ಚಿತ್ರಾನ್ನ ಏನಾದರೂ ಕಟ್ಟಿಕೊಂಡಿದ್ದರೆ ಒಳ್ಳೆಯದು. ಮಾಂಸ ತಿನ್ನದವರಿಗೆ ಆ ಕಡೆ ಆಯ್ಕೆ ಜಾಸ್ತಿ ಇಲ್ಲ.

ಇಲ್ಲೊಂದು ಎಚ್ಚರಿಕೆ. ಫೋನಿನ ಮ್ಯಾಪಿನಲ್ಲಿ ಬರೀ ‘ಜೆರೊನಿಮೊ, ಒಕ್ಲಹೋಮಾ’ ಅಂತ ಹಾಕಬೇಡಿ. ಆ ಹೆಸರಿನದೇ ಒಂದು ಸಣ್ಣ ಊರು ಲಾಟನ್‌ನ ದಕ್ಷಿಣಕ್ಕಿದೆ. ಫೋರ್ಟ್ ಸಿಲ್ ಇರುವುದು ಉತ್ತರಕ್ಕೆ. ‘ಅಪಾಚೆ’ ಅಂತ ಹಾಕಿದರೂ ಅದೇ ಹೆಸರಿನ ಇನ್ನೊಂದು ಊರಿಗೆ ಹೋಗುತ್ತೀರಿ. ಮೊದಲು ಫೋರ್ಟ್ ಸಿಲ್‌ನ ವಿಸಿಟರ್ ಕಂಟ್ರೋಲ್ ಸೆಂಟರ್ ಹಾಕಿಕೊಳ್ಳಿ. ಪಾಸ್ ಕೈಗೆ ಬಂದ ಮೇಲೆ ‘ಬೀಫ್ ಕ್ರೀಕ್ ಅಪಾಚೆ ಸೆಮೆಟರಿ’ ಹಾಕಿ.

ಯಾವಾಗ ಹೋಗಬೇಕು? ಅಕ್ಟೋಬರ್, ನವೆಂಬರ್ ಚೆನ್ನಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಅಲ್ಲಿ ಮಾಮೂಲು, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕಾಲವಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಸುಂಟರಗಾಳಿಯ ಕಾಲ, ಹವಾಮಾನ ನೋಡಿಕೊಂಡೇ ಹೊರಡಿ. ಗಾಳಿಯಂತೂ ವರ್ಷವಿಡೀ ಇರುತ್ತದೆ.

ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ

ಸೈನ್ಯದ ಗುರುತಿನ ಚೀಟಿ ಇಲ್ಲದವರೆಲ್ಲ ವಿಸಿಟರ್ ಪಾಸ್ ಮಾಡಿಸಬೇಕು. ಹೆಸರು, ಜನ್ಮದಿನಾಂಕ ತೆಗೆದುಕೊಂಡು ನಿಮ್ಮ ಮೇಲೆ ಕೇಸುಗಳಿವೆಯಾ ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಆಮೇಲೆ ಪಾಸ್. ಮ್ಯೂಸಿಯಂ ನೋಡಬೇಕು, ಅಪಾಚೆ ಸ್ಮಶಾನಕ್ಕೆ ಹೋಗಬೇಕು ಅಂತ ಕಾರಣ ನೇರವಾಗಿ ಹೇಳಿ. ಅದಕ್ಕಾಗಿ ಬರುವವರು ಅಲ್ಲಿ ಹೊಸಬರೇನಲ್ಲ.

ಅಮೆರಿಕದ ಡ್ರೈವಿಂಗ್ ಲೈಸೆನ್ಸ್ ಇರುವವರದು ರಿಯಲ್ ಐಡಿ ಆಗಿರಬೇಕು, ಅಂದರೆ ಕಾರ್ಡಿನ ಮೂಲೆಯಲ್ಲಿ ಸಣ್ಣ ನಕ್ಷತ್ರದ ಗುರುತಿರಬೇಕು. ಅದಿಲ್ಲದಿದ್ದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರು ಅದರ ಅಸಲನ್ನೇ ತನ್ನಿ, ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ. ಕಾರಿನ ನೋಂದಣಿ ಮತ್ತು ಇನ್ಶೂರೆನ್ಸ್ ಕಾಗದ, ಬಾಡಿಗೆ ಕಾರಾದರೆ ಕರಾರು ಪತ್ರ, ಇವೂ ಕೈಗೆ ಸಿಗುವಂತಿರಲಿ.

ಈಗ ನಮ್ಮವರಿಗೆ ತುಂಬ ಮುಖ್ಯವಾದ ಮಾತು. ಎಚ್-1ಬಿ, ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾದಲ್ಲಿ ಇರುವವರಿಗೆ, ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದು ಬರುವವರಿಗೆ, ಲೆಕ್ಕ ಬೇರೆ. ವಿದೇಶಿ ಪ್ರಜೆಗಳ ಜೊತೆಗೆ ನೆಲೆಗೆ ಸಂಬಂಧಪಟ್ಟ ಒಬ್ಬರು ಇರಲೇಬೇಕು ಅಂತ ಸೇನಾ ನೆಲೆಗಳು ಕೇಳುವುದುಂಟು. ಈ ನಿಯಮಗಳು ದೇಶದ ಭದ್ರತೆಯ ಪರಿಸ್ಥಿತಿ ನೋಡಿಕೊಂಡು ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ಅದಕ್ಕೇ ಹೊರಡುವ ಒಂದೆರಡು ವಾರ ಮೊದಲೇ ಫೋರ್ಟ್ ಸಿಲ್‌ನ ಅಧಿಕೃತ ವೆಬ್‌ಸೈಟ್ ನೋಡಿ, ಅಲ್ಲಿರುವ ವಿಸಿಟರ್ ಸೆಂಟರ್ ನಂಬರಿಗೆ ಫೋನ್ ಮಾಡಿ, ನಿಮ್ಮ ವೀಸಾ ಯಾವುದು ಅಂತ ಹೇಳಿಯೇ ಕೇಳಿ. ‘ವಿಸಿಟರ್ಸ್ ಬರಬಹುದಾ’ ಅಂತ ಕೇಳಿದರೆ ‘ಬರಬಹುದು’ ಅಂತಾರೆ. ‘ನನ್ನದು ಭಾರತದ ಪಾಸ್‌ಪೋರ್ಟ್, ಪ್ರವಾಸಿ ವೀಸಾ, ನನ್ನ ಅತ್ತೆ ಮಾವ ಕೂಡ ಬರುತ್ತಾರೆ’ ಅಂತ ಕೇಳಿದಾಗಲೇ ಸರಿಯಾದ ಉತ್ತರ ಸಿಗುವುದು. ಹೇಳಿದವರ ಹೆಸರು, ದಿನ ಬರೆದಿಟ್ಟುಕೊಳ್ಳಿ.

ವಾರದ ದಿನ ಬೆಳಿಗ್ಗೆ ಹೋಗುವುದು ಎಲ್ಲಕ್ಕಿಂತ ಮೇಲು. ಮಧ್ಯಾಹ್ನ ಹೋಗಿ ಕ್ಯೂನಲ್ಲಿ ನಿಂತರೆ ಒಳಗೆ ನೋಡಲು ಹೊತ್ತು ಉಳಿಯುವುದಿಲ್ಲ. ಗನ್, ಗಾಂಜಾ ಎರಡನ್ನೂ ಕಾರಿನಲ್ಲಿ ಇಡಬೇಡಿ, ಒಕ್ಲಹೋಮಾದಲ್ಲಿ ಔಷಧಿ ಗಾಂಜಾಕ್ಕೆ ಪರವಾನಗಿ ಇದ್ದರೂ ಇದು ಕೇಂದ್ರ ಸರ್ಕಾರದ ಜಾಗ, ಆ ಪರವಾನಗಿ ಇಲ್ಲಿ ನಡೆಯುವುದಿಲ್ಲ. ಡ್ರೋನ್ ಮನೆಯಲ್ಲೇ ಬಿಡಿ. ಗೇಟು, ಕಾವಲಿನವರು, ಸೈನ್ಯದ ವಾಹನಗಳ ಫೋಟೊ ತೆಗೆಯಬೇಡಿ.

ಇಷ್ಟೆಲ್ಲ ಕೇಳಿ ಬೇಜಾರಾಗಬಹುದು. ಆದರೆ ಆ ಕೌಂಟರಿನ ಮುಂದೆ ನಿಂತು ಕಾಯುವಾಗ ಒಂದು ವಿಷಯ ಯೋಚಿಸಿ: ತೀರಿಕೊಂಡು ನೂರು ವರ್ಷ ದಾಟಿದ ಮೇಲೂ ಆ ಮನುಷ್ಯನನ್ನು ನೋಡಲು ಸೈನ್ಯದ ಅನುಮತಿ ಬೇಕು. ಅವರು ಬದುಕಿದ್ದಾಗಲೂ ಹೀಗೇ ಇತ್ತು. 1904ರಲ್ಲಿ ಸೇಂಟ್ ಲೂಯಿಸ್ ಜಾಗತಿಕ ಮೇಳಕ್ಕೆ ಅವರನ್ನು ಕಾವಲಿನಲ್ಲಿ ಕರೆದುಕೊಂಡು ಹೋಗಿ ಜನರ ಮುಂದೆ ಕೂರಿಸಿದ್ದರು. ಅಲ್ಲಿ ಅವರು ತಮ್ಮ ಸಹಿ, ಫೋಟೊ ಮಾರಿ ನಾಲ್ಕು ಕಾಸು ಮಾಡಿಕೊಂಡರು. 1905ರಲ್ಲಿ ಥಿಯೊಡೊರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣ ಮಾಡಿದಾಗ ಮೆರವಣಿಗೆಯಲ್ಲಿ ಕುದುರೆ ಏರಿ ಹೋದರು. ನನ್ನ ಜನರನ್ನು ಅರಿಜೋನಾಕ್ಕೆ ಬಿಟ್ಟುಬಿಡಿ ಅಂತ ಅದೇ ಅಧ್ಯಕ್ಷರನ್ನು ಬೇಡಿಕೊಂಡರು. ಆಗುವುದಿಲ್ಲ ಎಂದರು.

ಗೇಟಿನಿಂದ ಸ್ಮಶಾನದವರೆಗೆ

ಫೋರ್ಟ್ ಸಿಲ್ ಸಣ್ಣ ಜಾಗವಲ್ಲ. ಹಳೆಯ ಕೋಟೆ, ಮ್ಯೂಸಿಯಂ, ಮನೆಗಳೆಲ್ಲ ಐ-44ರ ಪಶ್ಚಿಮಕ್ಕಿವೆ. ಅಪಾಚೆ ಸ್ಮಶಾನ ಹೆದ್ದಾರಿಯ ಪೂರ್ವಕ್ಕೆ, ಡಾಡ್ಜ್ ಹಿಲ್ ರೋಡ್ ಎಂಬ ರಸ್ತೆಯ ಕಡೆ, ಹಳ್ಳದ ದಂಡೆಯ ಮರಗಳ ನಡುವೆ. ಪಾಸ್ ಕೊಡುವ ಜಾಗದಲ್ಲೇ ದಾರಿ ಕೇಳಿಕೊಳ್ಳಿ, ಆ ದಿನ ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಅಂತಲೂ ಕೇಳಿ. ಫಿರಂಗಿ ಅಭ್ಯಾಸ ಇದ್ದಾಗ ಕೆಲವು ರಸ್ತೆಗಳನ್ನು ಮುಚ್ಚುತ್ತಾರೆ.

ತುಂಬ ಜನ ಎಡವುವುದು ಇಲ್ಲೇ. ನೆಲೆಯ ಒಳಗೆ ‘ಪೋಸ್ಟ್ ಸೆಮೆಟರಿ’ ಅಂತ ಇನ್ನೊಂದು ಸ್ಮಶಾನವಿದೆ, ಅದರಲ್ಲಿ ಚೀಫ್ಸ್ ನಾಲ್ ಎಂಬ ದಿಬ್ಬವಿದೆ. ಕೊಮಾಂಚಿ ಬುಡಕಟ್ಟಿನ ನಾಯಕ ಕ್ವಾನಾ ಪಾರ್ಕರ್, ಕಾಯೊವಾ ಬುಡಕಟ್ಟಿನ ನಾಯಕರಾದ ಸತಾಂಟಾ, ಸತಾಂಕ್ ಅವರ ಸಮಾಧಿಗಳು ಅಲ್ಲಿವೆ. ಜೆರೊನಿಮೊ ಅಲ್ಲಿಲ್ಲ. ಅಪಾಚೆ ಯುದ್ಧಕೈದಿಗಳ ಸ್ಮಶಾನಗಳು ಬೇರೆ, ಒಂದಲ್ಲ, ಮೂರಿವೆ: ಬೀಫ್ ಕ್ರೀಕ್, ಚೀಫ್ ಚಿವಾವಾ, ಬೈಲ್ಟ್ಸೊ. ಜೆರೊನಿಮೊ ಇರುವುದು ಬೀಫ್ ಕ್ರೀಕ್‌ನಲ್ಲಿ, ಮೂರರಲ್ಲಿ ದೊಡ್ಡದು ಅದೇ.

ವೇಗದ ಮಿತಿ ದಾಟಬೇಡಿ, ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯಬೇಡಿ, ಮಿಲಿಟರಿ ಪೊಲೀಸರು ನಿಲ್ಲಿಸುತ್ತಾರೆ. ರಸ್ತೆ ಬಿಟ್ಟು ಹುಲ್ಲಿನೊಳಗೆ ಅಡ್ಡಾಡಬೇಡಿ. ನೂರು ವರ್ಷಕ್ಕೂ ಮೇಲೆ ಗುಂಡು ಬಿದ್ದಿರುವ ಸೀಮೆ ಇದು, ಸಿಡಿಯದೆ ಉಳಿದ ಶೆಲ್‌ಗಳು ನೆಲದಲ್ಲಿರಬಹುದು. ಕಬ್ಬಿಣದ ಯಾವ ಚೂರು ಕಂಡರೂ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಹಾವು ಮತ್ತು ರಕ್ತ ಹೀರುವ ಉಣ್ಣೆ ಹುಳು ಎರಡೂ ಇರುತ್ತವೆ, ಕಾಲು ಮುಚ್ಚುವ ಪ್ಯಾಂಟು ಮತ್ತು ಶೂ ಹಾಕಿಕೊಂಡೇ ಹೋಗಿ.

ದೂರದಲ್ಲಿ ಗುಡುಗಿದಂತೆ ಸದ್ದು ಕೇಳಿದರೆ ಹೆದರಬೇಡಿ, ಅದು ಫಿರಂಗಿ. ಈ ಸದ್ದಿಗೂ ಅಪಾಚೆಗಳ ಕಥೆಗೂ ನೇರ ಸಂಬಂಧ ಇದೆ. ಫೋರ್ಟ್ ಸಿಲ್‌ನ ನೆಲ ಮುಂದೆ ನಿಮ್ಮದೇ ಆಗುತ್ತದೆ ಅಂತ ಆ ಕೈದಿಗಳಿಗೆ ಮಾತು ಕೊಟ್ಟಿದ್ದರು. ಅವರು ಅಲ್ಲಿ ಮನೆ ಕಟ್ಟಿಕೊಂಡರು, ದನ ಸಾಕಿದರು, ಜೆರೊನಿಮೊ ಕಲ್ಲಂಗಡಿ ಬೆಳೆದರು. 1911ರಲ್ಲಿ ಸೈನ್ಯ ಅಲ್ಲಿ ಫಿರಂಗಿ ತರಬೇತಿ ಶಾಲೆ ತೆರೆಯಿತು, ಅದಕ್ಕೆ ಜಾಗ ಬೇಕಾಯಿತು, ಕೊಟ್ಟ ಮಾತು ಹೋಯಿತು. 1913ರಲ್ಲಿ ಬಿಡುಗಡೆ ಬಂದಾಗ ಹೆಚ್ಚಿನವರು ನ್ಯೂ ಮೆಕ್ಸಿಕೊದ ಮೆಸ್ಕಲೆರೊಗೆ ಹೊರಟರು. ಉಳಿದವರು ಸುತ್ತಮುತ್ತ ಸಣ್ಣ ಜಮೀನುಗಳಲ್ಲಿ ನೆಲೆಯಾದರು, ಇಂದಿನ ಫೋರ್ಟ್ ಸಿಲ್ ಅಪಾಚೆ ಬುಡಕಟ್ಟು ಅವರ ಸಂತತಿ. ಸತ್ತವರನ್ನು ಮಾತ್ರ ಕರೆದುಕೊಂಡು ಹೋಗಲು ಆಗಲಿಲ್ಲ. ಅವರು ಇಲ್ಲೇ, ಈ ಸದ್ದಿನ ಪಕ್ಕದಲ್ಲಿ ಉಳಿದರು.

ಸಮಾಧಿಯ ಮುಂದೆ

ಕಾರು ನಿಲ್ಲಿಸಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಸಾಲು ಸಾಲು ಬಿಳಿ ಸಮಾಧಿಕಲ್ಲುಗಳು. ಮಿಲಿಟರಿ ಸ್ಮಶಾನಗಳಲ್ಲಿ ಇರುತ್ತವಲ್ಲ, ಅಂಥವೇ, ಚಿಕ್ಕವು, ನೇರವಾಗಿ ನಿಂತಂಥವು. ಅವುಗಳ ನಡುವೆ ದುಂಡು ಕಲ್ಲುಗಳನ್ನು ಸಿಮೆಂಟಿನಲ್ಲಿ ಕೂರಿಸಿ ಮಾಡಿದ ಗೋಪುರದ ಆಕಾರದ ಕಟ್ಟೆ ಒಂದು, ಅದರ ತುದಿಯಲ್ಲಿ ಕಲ್ಲಿನ ಹದ್ದು. ಎದುರಿಗೆ ಫಲಕದ ಮೇಲೆ ‘ಜೆರೊನಿಮೊ’. ಹೊಗಳಿಕೆಯ ಸಾಲುಗಳೇನೂ ಇಲ್ಲ. ಈ ಕಟ್ಟೆ ಅವರು ಸತ್ತಾಗ ಕಟ್ಟಿದ್ದಲ್ಲ. ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಫೋರ್ಟ್ ಸಿಲ್‌ನ ಸೈನಿಕರೇ ಕಟ್ಟಿದ್ದು.

ಹತ್ತಿರ ಹೋಗಿ ನೋಡಿ. ಕಲ್ಲುಗಳ ಸಂದಿಯಲ್ಲಿ ನಾಣ್ಯಗಳು ಸಿಕ್ಕಿಕೊಂಡಿರುತ್ತವೆ, ಮಳೆಗೆ ಬಣ್ಣ ಕಳೆದುಕೊಂಡವು, ಹೊಳೆಯುವ ಹೊಸವು. ತಲೆಗೆ ಕಟ್ಟುವ ಬಟ್ಟೆ, ಮಣಿ, ಗರಿ, ತಂಬಾಕು, ಯಾರದೋ ಸೈನ್ಯದ ಬ್ಯಾಡ್ಜು. ಹತ್ತಿರದ ಮರದ ಕೊಂಬೆಗಳಿಗೆ ಬಟ್ಟೆಯ ಚೂರುಗಳನ್ನು ಕಟ್ಟಿರುತ್ತಾರೆ, ಗಾಳಿಗೆ ಅವು ಪಟಪಟ ಅನ್ನುತ್ತಿರುತ್ತವೆ.

ಫೋಟೊ ತೆಗೆದು ಅಲ್ಲಿಂದಲೇ ವಾಪಸ್ ಬರುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದ ಕಲ್ಲುಗಳನ್ನು ಓದಿ. ಆಮೇಲೆ ಮದುವೆಯಾದ ಹೆಂಡತಿ ಝಿಯೆ ಅಲ್ಲೇ ಇದ್ದಾರೆ, 1904ರಲ್ಲಿ ತೀರಿಕೊಂಡವರು. ಮಗಳು ಈವಾ ಅಲ್ಲೇ, 1911ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಮಗ ಫೆಂಟನ್, ಮೊಮ್ಮಕ್ಕಳು. ಒಂದು ಮನೆಯವರೆಲ್ಲ ಒಂದು ಕಡೆ ಮಲಗಿದ್ದಾರೆ. ಆಮೇಲೆ ಸಾಲುಗಳ ಉದ್ದಕ್ಕೂ ನಡೆಯಿರಿ. ಮುದುಕರಾದ ಮೇಲೂ ಯುದ್ಧ ಬಿಡದ ನಾನಾ ಇಲ್ಲಿದ್ದಾರೆ, 1896ರಲ್ಲಿ ಸತ್ತರು. ಶಾಂತಿಗಾಗಿ ಬಡಿದಾಡಿದ ಲೋಕೊ ಇದ್ದಾರೆ, 1905. ಯುವಕನಾಗಿದ್ದಾಗ ಜೆರೊನಿಮೊ ಗುಂಪಿನಲ್ಲಿದ್ದು, ಕಾರ್ಲೈಲ್ ಶಾಲೆಗೆ ಹೋಗಿ, ಕಮ್ಮಾರಿಕೆ ಕಲಿತು, ನೂರರ ಹತ್ತಿರ ಬದುಕಿ 1960ರಲ್ಲಿ ತೀರಿಕೊಂಡ ಜೇಸನ್ ಬೆಟ್ಝಿನೆಝ್ ಕೂಡ ಈ ಸ್ಮಶಾನದಲ್ಲೇ ಇದ್ದಾರೆ. ಮೂರೂ ಸ್ಮಶಾನ ಸೇರಿದರೆ ಸಮಾಧಿಗಳು 300ಕ್ಕೂ ಹೆಚ್ಚು. ಹುಟ್ಟಿದ ವರ್ಷ, ಸತ್ತ ವರ್ಷ ಕಳೆದು ನೋಡುತ್ತಾ ಹೋಗಿ. ಒಂದು, ಎರಡು, ನಾಲ್ಕು ವರ್ಷದ ಮಕ್ಕಳು ಎಷ್ಟು ಜನ ಅಂತ ಅಲ್ಲಿ ಗೊತ್ತಾಗುತ್ತದೆ.

ಜೆರೊನಿಮೊ ಸತ್ತದ್ದು ಯುದ್ಧದಲ್ಲಲ್ಲ. 1909ರ ಫೆಬ್ರವರಿಯಲ್ಲಿ ಲಾಟನ್‌ಗೆ ಹೋಗಿ ರಾತ್ರಿ ಕುದುರೆಯ ಮೇಲೆ ವಾಪಸ್ ಬರುವಾಗ ಕೆಳಗೆ ಬಿದ್ದರು. ಬೆಳಗಿನವರೆಗೂ ಚಳಿಯಲ್ಲಿ ಬಿದ್ದಿದ್ದರು. ನ್ಯುಮೋನಿಯಾ ಆಯಿತು, 17ರಂದು ಹೋದರು. ಶರಣಾಗಿ 22 ವರ್ಷ ಕಳೆದಿತ್ತು. ಆಗಲೂ ಅವರು ಯುದ್ಧಕೈದಿ.

ಏನೂ ಇಡಬೇಡಿ, ಏನೂ ತರಬೇಡಿ

ಇದರ ಬಗ್ಗೆ ಬೇರೆಯವರು ಬೇರೆ ಹೇಳಬಹುದು. ನಾನು ಖಂಡಿತವಾಗಿ ಹೇಳುತ್ತೇನೆ: ಕೈ ಬೀಸಿಕೊಂಡು ಹೋಗಿ, ಹಾಗೇ ಬನ್ನಿ.

ಸಮಾಧಿಗೆ ಹೋದರೆ ಹೂವು ಇಡಬೇಕು, ಊದುಬತ್ತಿ ಹಚ್ಚಬೇಕು ಅಂತ ನಮ್ಮವರಿಗೆ ಮನಸ್ಸಾಗುವುದು ಸಹಜ. ಆದರೆ ಅಪಾಚೆಗಳ ಹಳೆಯ ರೂಢಿ ನಮ್ಮದಕ್ಕೆ ತಿರುಗುಮುರುಗು. ಸತ್ತವರ ಹೆಸರನ್ನು ಸುಮ್ಮಸುಮ್ಮನೆ ಎತ್ತುವುದಿಲ್ಲ, ಸಮಾಧಿಯ ಹತ್ತಿರ ಸುಳಿಯುವುದಿಲ್ಲ, ಅವರನ್ನು ಅವರ ಪಾಡಿಗೆ ಬಿಡಬೇಕು ಎನ್ನುವ ನಂಬಿಕೆ. ಅಲ್ಲಿ ಬಿದ್ದಿರುವ ನಾಣ್ಯ, ಬಟ್ಟೆಗಳಲ್ಲಿ ಎಷ್ಟೋ ನಮ್ಮಂಥ ಹೊರಗಿನವರು ಇಟ್ಟಿದ್ದು. ನಾವು ಅದಕ್ಕೆ ಇನ್ನೊಂದು ಸೇರಿಸುವ ಅಗತ್ಯ ಇಲ್ಲ. ಊದುಬತ್ತಿ, ದೀಪ ಅಂತೂ ಬೇಡವೇ ಬೇಡ. ಒಣಹುಲ್ಲು, ಜೋರು ಗಾಳಿ, ಒಂದು ಕಿಡಿ ಸಾಕು. ನಿಂತು ಕೈಮುಗಿದರೆ ಯಾರಿಗೂ ತೊಂದರೆ ಇಲ್ಲ.

ತರುವುದಂತೂ ಅಪರಾಧವೇ ಆಗಬಹುದು. ಬಿದ್ದಿರುವ ಗರಿ ಚೆನ್ನಾಗಿದೆ ಅಂತ ಮಗು ಎತ್ತಿಕೊಳ್ಳಬಹುದು, ತಡೆಯಿರಿ. ಹದ್ದಿನ ಗರಿ ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಕಾನೂನುಬಾಹಿರ, ಬುಡಕಟ್ಟಿನವರಿಗೆ ಪರವಾನಗಿ ಸಿಗುತ್ತದೆ. ಯಾವುದು ಹದ್ದಿನದು, ಯಾವುದು ಅಲ್ಲ ಅಂತ ನಮಗೆ ಗೊತ್ತಾಗುವುದೂ ಇಲ್ಲ. ಕಲ್ಲು, ನಾಣ್ಯ, ಮಣಿ ಯಾವುದನ್ನೂ ಮುಟ್ಟಬೇಡಿ. ಕಟ್ಟೆಯ ಮೇಲೆ ಹತ್ತಬೇಡಿ, ಮಕ್ಕಳನ್ನು ಕೂರಿಸಿ ಫೋಟೊ ತೆಗೆಯಬೇಡಿ.

ಇನ್ನೊಂದು. ಎತ್ತರದಿಂದ ಹಾರುವಾಗ ಪ್ಯಾರಾಚೂಟ್ ಸೈನಿಕರು ಈ ಹೆಸರು ಕೂಗುವ ರೂಢಿ 1940ರಲ್ಲಿ ಶುರುವಾಯಿತು, ಕಾರ್ಟೂನುಗಳಿಂದ ಮಕ್ಕಳಿಗೂ ಬಂದಿದೆ. ಅಲ್ಲಿ ಕೂಗಬೇಡಿ ಅಂತ ಕಾರಿನಲ್ಲೇ ಮಕ್ಕಳಿಗೆ ಹೇಳಿ ಇಳಿಸಿ. 2011ರಲ್ಲಿ ಒಸಾಮಾ ಬಿನ್ ಲಾಡೆನ್ ಕಾರ್ಯಾಚರಣೆಯಲ್ಲಿ ಇದೇ ಹೆಸರನ್ನು ಸಂಕೇತವಾಗಿ ಬಳಸಿದಾಗ ಫೋರ್ಟ್ ಸಿಲ್ ಅಪಾಚೆಗಳು ನೊಂದು ಅಧ್ಯಕ್ಷರಿಗೇ ಪತ್ರ ಬರೆದರು. ಅಲ್ಲಿ ಬೇರೆ ಯಾರಾದರೂ ಬಂದಿದ್ದರೆ, ಅವರು ಮನೆಯವರನ್ನು ನೋಡಲು ಬಂದ ಅಪಾಚೆ ಕುಟುಂಬವೇ ಆಗಿರಬಹುದು. ದೂರ ನಿಂತು, ಅವರು ಹೋದ ಮೇಲೆ ಹತ್ತಿರ ಹೋಗಿ.

ಆ ತಲೆಬುರುಡೆ ಕಥೆ ನಿಜವಾ ಅಂತ ಕೇಳುವವರಿಗೆ ಚುಟುಕಾಗಿ: 1918ರಲ್ಲಿ ಫೋರ್ಟ್ ಸಿಲ್‌ನಲ್ಲಿದ್ದ ಯೇಲ್ ವಿಶ್ವವಿದ್ಯಾಲಯದ ಕೆಲವು ಹುಡುಗರು ಸಮಾಧಿ ಅಗೆದು ತಲೆಬುರುಡೆಯನ್ನು ತಮ್ಮ ಸ್ಕಲ್ ಅಂಡ್ ಬೋನ್ಸ್ ಸಂಘಕ್ಕೆ ಒಯ್ದರು ಎನ್ನುವ ಮಾತಿದೆ, ಆ ಕಾಲದ ಒಂದು ಪತ್ರದಲ್ಲೂ ಹಾಗೆ ಬರೆದಿದೆ. ಸಾಬೀತಾಗಿಲ್ಲ. ವಂಶದವರು 2009ರಲ್ಲಿ ಕೋರ್ಟಿಗೆ ಹೋದರು, ಅವಶೇಷಗಳನ್ನು ಹೀಲಾ ನದಿಯ ಕಡೆ ಒಯ್ಯಬೇಕು ಅಂತ ಕೇಳಿದರು. 2010ರಲ್ಲಿ ಕೇಸು ವಜಾ ಆಯಿತು. ಫೋರ್ಟ್ ಸಿಲ್ ಅಪಾಚೆಗಳು ಅವರನ್ನು ಇಲ್ಲಿಂದ ಕದಲಿಸಬೇಡಿ ಎಂದರು. ಇದು ಅವರವರ ಮನೆಯ ಮಾತು, ಸಮಾಧಿಯ ಎದುರು ನಿಂತು ನಾವು ಚರ್ಚೆ ಮಾಡುವಂಥದ್ದಲ್ಲ.

ಅದೇ ಪಾಸಿನಲ್ಲಿ ಇನ್ನೇನು ನೋಡಬಹುದು

ಹಳೆಯ ಕೋಟೆಯ ಚೌಕ ನೋಡಿಯೇ ಬನ್ನಿ. 1869ರಲ್ಲಿ ಜನರಲ್ ಶೆರಿಡನ್ ಶುರುಮಾಡಿದ ನೆಲೆ ಇದು, ಆ ಕಾಲದ ಕಲ್ಲಿನ ಕಟ್ಟಡಗಳು ಈಗಲೂ ಗಟ್ಟಿಯಾಗಿವೆ. ಅದರಲ್ಲಿ ಹಳೆಯ ಗಾರ್ಡ್‌ಹೌಸ್ ಅಂದರೆ ಕಾವಲು ಮನೆಯನ್ನು ಜನ ಜೆರೊನಿಮೊ ಹೆಸರಿನಿಂದಲೇ ಕರೆಯುತ್ತಾರೆ. ಅವರು ಇಡೀ ಹದಿನಾಲ್ಕು ವರ್ಷ ಅಲ್ಲೇ ಬಂಧಿಯಾಗಿದ್ದರು ಅಂದುಕೊಳ್ಳಬೇಡಿ. ನೆಲೆಯ ಒಳಗೆ ಅಪಾಚೆಗಳ ಸಣ್ಣ ಹಳ್ಳಿಗಳಿದ್ದವು, ಅವರ ಮನೆ ಅಲ್ಲಿತ್ತು. ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ಸಮಯ ಉಳಿದರೆ ಪಕ್ಕದಲ್ಲೇ ವಿಚಿಟಾ ಮೌಂಟನ್ಸ್ ವನ್ಯಜೀವಿ ಧಾಮ. ಇದಕ್ಕೆ ಪಾಸ್ ಬೇಡ. ಮೌಂಟ್ ಸ್ಕಾಟ್ ತುದಿಯವರೆಗೆ ರಸ್ತೆ ಇದೆ, ಮಂಡಿ ನೋವಿನ ಹಿರಿಯರೂ ನೋಡಬಹುದು. ಬೈಸನ್‌ಗಳು ರಸ್ತೆಯ ಮೇಲೇ ಬರುತ್ತವೆ, ಕಾರಿನಿಂದ ಇಳಿಯಬೇಡಿ. ಆ ಬಯಲಿನಲ್ಲಿ ಬೈಸನ್‌ಗಳೇ ಇಲ್ಲದಂತಾದ ಮೇಲೆ 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂನಿಂದ 15ನ್ನು ರೈಲಿನಲ್ಲಿ ತಂದು ಬಿಟ್ಟರು, ಈಗಿರುವುದು ಅವುಗಳ ಸಂತತಿ. ಲಾಟನ್‌ನಲ್ಲಿ ಕೊಮಾಂಚಿಗಳೇ ನಡೆಸುವ ಮ್ಯೂಸಿಯಂ ಇದೆ, ಆ ನೆಲದ ಮೂಲ ಜನರ ಬಗ್ಗೆ ತಿಳಿಯಲು ಒಳ್ಳೆಯ ಜಾಗ.

ಪಾಸ್ ಸಿಗದಿದ್ದರೆ

ವೀಸಾ ಕಾರಣಕ್ಕೆ ಒಳಗೆ ಬಿಡುವುದಿಲ್ಲ ಅಂದರೆ ಗೇಟಿನಲ್ಲಿ ವಾದ ಮಾಡಬೇಡಿ. ಅದರಿಂದ ಏನೂ ಆಗುವುದಿಲ್ಲ, ನಿಮ್ಮ ಹೆಸರು ಮಾತ್ರ ಬರೆದುಕೊಳ್ಳುತ್ತಾರೆ.

ಗೇಟೇ ಇಲ್ಲದ ಎರಡು ಜಾಗಗಳನ್ನು ಹೇಳುತ್ತೇನೆ. ಎರಡೂ ಅರಿಜೋನಾದಲ್ಲಿವೆ, ಒಕ್ಲಹೋಮಾದಿಂದ ಬಹಳ ದೂರ. ಟೂಸಾನ್ ಅಥವಾ ಫೀನಿಕ್ಸ್ ಕಡೆ ಹೋಗುವ ಪ್ಲಾನ್ ಇದ್ದರೆ ಸೇರಿಸಿಕೊಳ್ಳಿ. ಒಂದು, ಶರಣಾಗತಿಯ ಸ್ಮಾರಕ. 1934ರಲ್ಲಿ ಹೆದ್ದಾರಿ 80ರ ಪಕ್ಕದಲ್ಲೇ ಕಲ್ಲುಗಳಿಂದ ಕಟ್ಟಿದ್ದು, ಡಗ್ಲಸ್ ಊರಿನ ಈಶಾನ್ಯಕ್ಕಿದೆ. ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿದರೆ ಮುಗಿಯಿತು. ಶರಣಾದ ಕಣಿವೆ ಅಲ್ಲಿಂದ ಆಗ್ನೇಯಕ್ಕೆ ಬೆಟ್ಟದ ಒಳಗಿದೆ.

ಇನ್ನೊಂದು ಫೋರ್ಟ್ ಬೋವಿ, ನನಗೆ ಕೇಳಿದರೆ ಸ್ಮಾರಕಕ್ಕಿಂತ ಇದು ಮೇಲು. ಶರಣಾದ ಮೇಲೆ ಜೆರೊನಿಮೊ ಅವರನ್ನು ಕರೆತಂದು ರೈಲು ಹತ್ತಿಸುವ ಮೊದಲು ಇಟ್ಟಿದ್ದು ಈ ಕೋಟೆಯಲ್ಲಿ. ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ, ಪ್ರವೇಶ ಶುಲ್ಕ ಇಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ. ಆದರೆ ಪಾರ್ಕಿಂಗ್‌ನಿಂದ ಕೋಟೆಯ ಪಾಳು ಗೋಡೆಗಳವರೆಗೆ ಒಂದೂವರೆ ಮೈಲಿ ಕಾಲುದಾರಿ, ವಾಪಸ್ ಅಷ್ಟೇ. ನೆರಳು ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರಾದರೂ ಇರಲಿ, ಬೇಸಿಗೆಯಾದರೆ ಬೆಳಿಗ್ಗೆ ಎಂಟರೊಳಗೆ ನಡೆಯಲು ಶುರುಮಾಡಿ. ನಡೆಯಲಾಗದವರಿದ್ದರೆ ವಾಹನದಲ್ಲಿ ಹೋಗಲು ಬೇರೆ ದಾರಿ ಇದೆಯಾ ಅಂತ ಉದ್ಯಾನದವರಿಗೆ ಫೋನ್ ಮಾಡಿ ಕೇಳಿ. ಕಾಲುದಾರಿಯಲ್ಲಿ ಹೋಗುವಾಗ ಕೋಟೆಗೆ ಮೊದಲೇ ಒಂದು ಸಣ್ಣ ಸ್ಮಶಾನ ಸಿಗುತ್ತದೆ. ಅಲ್ಲಿ ನಿಲ್ಲಿ. ಸೈನಿಕರ ಸಮಾಧಿಗಳ ನಡುವೆ ‘ಲಿಟಲ್ ರೋಬ್’ ಎಂಬ ಹೆಸರಿನ ಒಂದು ಫಲಕವಿದೆ, 1885ರಲ್ಲಿ ಸೆರೆಯಲ್ಲಿ ತೀರಿಕೊಂಡ ಪುಟ್ಟ ಮಗು, ಜೆರೊನಿಮೊ ಅವರ ಮಗ.